ಮಹಡಿ ಮನೆಗೆ ಬಂದ ಟಾಂಜಾನಿಯಾ

ಚಿಕ್ಕಬಾಣಾವರದಲ್ಲಿ ಮನೆ ಮೇಲೊಂದು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟವರಿಗೆ ಟೀವಿ ನೋಡುವ ಅಗತ್ಯವೇ ಬೀಳುವುದಿಲ್ಲ. ದಿನಕ್ಕೊಂದು ಕಂತು ತಾನಾಗಿಯೇ ಮೆಟ್ಟಿಲಿಳಿದು ಬರುತ್ತದೆ. ನಮ್ಮ ಸುತ್ತಮುತ್ತ ಕಾಲೇಜುಗಳು ಬೇಕಾದಷ್ಟಿವೆ. ಓದಲು ಬೀದರಿನಿಂದಲೂ ಬರುತ್ತಾರೆ, ಸಮುದ್ರ ದಾಟಿಯೂ ಬರುತ್ತಾರೆ. ಈ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಮಹಡಿಗೆ ಬಂದವಳು ಟಾಂಜಾನಿಯಾದ ಹುಡುಗಿ, ನರ್ಸಿಂಗ್ ಓದುವವಳು.

ನನಗೆ ಅವಳು ನೋಡಿದ ಕೂಡಲೇ ಹಿಡಿಸಿದಳು. ನನ್ನ ಅತ್ತೆಗೆ ಮಾತ್ರ ಅನುಮಾನ. ಅತ್ತೆ ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದವರು. ಅವರ ಲೆಕ್ಕದಲ್ಲಿ ಯಶವಂತಪುರ ದಾಟಿದರೆ ಪರದೇಶ. ಸಾಲದ್ದಕ್ಕೆ ಪಕ್ಕದ ಮನೆಯಾಕೆ, ತನ್ನ ತಮ್ಮನ ಸಂಸಾರಕ್ಕೆ ಆ ರೂಮೇ ಬೇಕೆಂದು ದಿನಾ ಕಾಂಪೌಂಡಿನ ಆಚೆಯಿಂದ ಅತ್ತೆಯ ಕಿವಿ ಊದುತ್ತಿದ್ದಳು.

"ಗೌರಿ ಗಣೇಶ ಕಳೀಲಿ. ಒಂದ್ಕೊಂಡ್ರೆ ಇರ್ತಾಳೆ, ಇಲ್ದಿದ್ರೆ ಓಗ್ತಾಳೆ" ಎಂದು ಅತ್ತೆ ತೀರ್ಪು ಕೊಟ್ಟರು.

ಹುಡುಗಿಗೂ ಅದು ಗೊತ್ತಿತ್ತು. ಅದಾಗಲೇ ಬೇರೆ ಕಡೆ ಎರಡು ಸಲ ಖಾಲಿ ಮಾಡಿಸಿಕೊಂಡು ಬಂದಿದ್ದಳು. "ಆಂಟಿ, ಇನ್ನೊಂದ್ಸಲ ಗಂಟುಮೂಟೆ ಕಟ್ಟೋಕೆ ನನ್ ಕೈಲಾಗಲ್ಲ" ಅಂತ ಇಂಗ್ಲಿಷಿನಲ್ಲಿ ಹೇಳಿದಾಗ ನನಗೆ ಸಂಕಟವಾಯಿತು. ಅವಳು ಇಲ್ಲೇ ಇರಬೇಕು ಅಂತ ಅವತ್ತೇ ನಿರ್ಧರಿಸಿಬಿಟ್ಟೆ. ಆದರೆ ಮನೆಯಲ್ಲಿ ನನ್ನ ನಿರ್ಧಾರ ಯಾರು ಕೇಳುತ್ತಾರೆ?

ರಂಗೋಲಿ ಲಾಂಗ್ ಜಂಪ್

ಬಂದ ಮರುದಿನ ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟಾಗ ಗೇಟಿನ ಮುಂದೆ ಅತ್ತೆ ಹಾಕಿದ ರಂಗೋಲಿ ಇತ್ತು. ಅವಳು ಸುಮ್ಮನೆ ನಿಂತು ನೋಡಿದಳು, ಆಮೇಲೆ ಒಂದು ಹೆಜ್ಜೆ ಅಗಲಕ್ಕೆ ಇಟ್ಟು ದಾಟಿದಳು. ಅತ್ತೆ ಕಿಟಕಿಯಿಂದ ಗಮನಿಸಿದರು. "ಎಷ್ಟ್ ಆಸೆಯಿಂದ ನೋಡ್ತಾಳೆ ನೋಡೇ" ಎಂದರು. ಮರುದಿನ ರಂಗೋಲಿ ಸ್ವಲ್ಪ ದೊಡ್ಡದಾಯಿತು. ಹುಡುಗಿ ಜಿಗಿದಳು. ಅದರ ಮರುದಿನ ಇನ್ನೂ ದೊಡ್ಡದು, ನಾಲ್ಕು ಮೂಲೆಗೆ ನಾಲ್ಕು ನವಿಲು. ಹುಡುಗಿ ಮೆಟ್ಟಿಲ ಹತ್ತಿರದಿಂದ ಓಡಿಬಂದು ಹಾರಿದಳು.

ವಾರ ಕಳೆಯುವಷ್ಟರಲ್ಲಿ ರಂಗೋಲಿ ರಸ್ತೆ ಮುಟ್ಟಿತ್ತು. ಹುಡುಗಿ ಬ್ಯಾಗನ್ನು ಮೊದಲು ಎಸೆದು, ಕಾಂಪೌಂಡು ಹತ್ತಿ, ಪಕ್ಕದ ಮನೆಯಾಕೆಯ ತುಳಸಿ ಕಟ್ಟೆಯ ಪಕ್ಕ ಇಳಿದಳು. ಆಕೆ "ಕಳ್ಳಿ! ಕಳ್ಳಿ!" ಎಂದು ಕೂಗಿದ್ದಕ್ಕೆ ಬೀದಿಯೇ ಸೇರಿತು.

ಅತ್ತೆ ಗಾಬರಿಯಿಂದ ರಂಗೋಲಿಯ ಮೇಲೇ ಓಡಿಬಂದರು. ಹುಡುಗಿ ಅವರ ಪಾದ ನೋಡಿದಳು, ಅಳಿಸಿಹೋದ ನವಿಲು ನೋಡಿದಳು. "ಇದನ್ನ ತುಳಿಬಹುದಾ?" ಎಂದಳು ತನ್ನ ಹರಕು ಕನ್ನಡದಲ್ಲಿ.

"ತುಳೀದೆ ಇನ್ನೇನವ್ವಾ? ನೀನು ನೋಡ್ತೀಯ ಅಂತ ದೊಡ್ಡದು ಮಾಡ್ತಿದ್ದೆ."

"ಅಯ್ಯೋ ಅಜ್ಜಿ, ನಾನು ಮನೆಯಿಂದ ಆಚೆ ಹೋಗೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ!"

ಯಶವಂತಪುರ ತಪ್ಪಿಸಿಕೊಂಡವರು

ಒಂದು ಭಾನುವಾರ ಯಶವಂತಪುರದ ಮಾರ್ಕೆಟ್ಟಿಗೆ ಈರುಳ್ಳಿ ತರಲು ಹೊರಟಾಗ ಅವಳನ್ನೂ ರೈಲಿನಲ್ಲಿ ಕರೆದುಕೊಂಡು ಹೋದೆ. ಎದುರಿಗೆ ಕೂತಿದ್ದವರು ಒಬ್ಬ ಹಿರಿಯರು, ತುಮಕೂರು ಕಡೆಯವರು. ನಮ್ಮ ಜನದ ಕುತೂಹಲ ಕೇಳಬೇಕೆ? ರೈಲು ಬಿಡುವ ಮೊದಲೇ ಶುರು ಮಾಡಿದರು.

"ಯಾವ ದೇಶಮ್ಮಾ? ಅಪ್ಪ ಏನ್ ಮಾಡ್ತಾರೆ? ಮದುವೆ ಆಗಿದ್ಯಾ? ಯಾಕಾಗಿಲ್ಲ?"

ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ. ಆದರೆ ಹುಡುಗಿಯ ಮುಖ ಅರಳಿಬಿಟ್ಟಿತು. ಅವರ ಊರಲ್ಲಿ ನಮಸ್ಕಾರ ಅಂದರೆ ಅಷ್ಟಕ್ಕೇ ಮುಗಿಯುವುದಿಲ್ಲವಂತೆ. ಮನೆಮಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಬೇಕಂತೆ. ಬೆಂಗಳೂರಿಗೆ ಬಂದಮೇಲೆ ಸರಿಯಾಗಿ ಮಾತಾಡಿಸಿದವರು ಇವರೇ ಮೊದಲು ಎಂದು ಆಮೇಲೆ ಹೇಳಿದಳು. ಎಲ್ಲದಕ್ಕೂ ಉತ್ತರ ಕೊಟ್ಟು, ತನ್ನ ಸರದಿ ಎಂದು ಶುರು ಮಾಡಿದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್.

ನಿಮ್ಮ ತಾಯಿ ಹೇಗಿದ್ದಾರೆ? ಮಂಡಿ ನೋವಾ? ಯಾವ ಮಂಡಿ? ಹೆಂಡತಿ? ಹೆಂಡತಿಯ ಅಣ್ಣ? ಮಗ? ಸೊಸೆ? ಸೊಸೆ ಹೆಸರು ಬಂದಾಗ ಅವರು ತಡವರಿಸಿದರು. ಹುಡುಗಿ ಬಿಡಲಿಲ್ಲ. "ಸೊಸೆ ಜೊತೆ ಸರಿ ಇದೀರಾ ಅಂಕಲ್?" ಅಂತ ಮೃದುವಾಗಿ ಕೇಳಿದಳು. ಅಷ್ಟೇ ಸಾಕಾಯಿತು. ಮನುಷ್ಯ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮನೆಯ ಕಥೆಯನ್ನೆಲ್ಲ ಬಿಚ್ಚಿದರು. ಬೋಗಿಯಲ್ಲಿದ್ದವರೆಲ್ಲ ಮೊಬೈಲ್ ಕೆಳಗಿಟ್ಟು ಕೇಳಿಸಿಕೊಂಡರು. ಸುಳ್ಳೇಕೆ, ನಾನೂ ಕೇಳಿಸಿಕೊಂಡೆ.

ಯಶವಂತಪುರ ಬಂತು, ಇಳಿದೆವು. ರೈಲು ಹೊರಟ ಮೇಲೆ ಕಿಟಕಿಯಿಂದ ಅವರ ತಲೆ ಹೊರಬಂತು. "ಅಯ್ಯೋ, ನಾನೂ ಇಲ್ಲೇ ಇಳೀಬೇಕಿತ್ತು ಕಣಮ್ಮಾ!"

ಹುಡುಗಿ ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿ ಕೂಗಿದಳು: "ಸಾರಿ ಅಂಕಲ್! ನಿಮ್ಮ ಹಸು ಹೇಗಿದೆ ಅಂತ ಕೇಳೋದು ಮರ್ತೇಬಿಟ್ಟೆ!"

ಅಗಿಯುವ ಮುದ್ದೆ

ಅತ್ತೆಯ ಪ್ರಕಾರ ಮನುಷ್ಯರ ಪರೀಕ್ಷೆ ನಡೆಯುವುದು ರಾಗಿ ಮುದ್ದೆಯ ಮುಂದೆ. ಒಂದು ದಿನ ಹುಡುಗಿಯನ್ನು ಕರೆದು ಕೂರಿಸಿ, ಸೊಪ್ಪಿನ ಸಾರು ಬಿಟ್ಟು, "ಅಗೀಬಾರ್ದು, ನುಂಗಬೇಕು" ಎಂದರು. ಅವಳು ನುಂಗಿದಳು, ಇನ್ನೊಂದು ಕೇಳಿದಳು. ಅವರ ಊರಲ್ಲೂ ಮುದ್ದೆ ಇದೆಯಂತೆ, ಮೆಕ್ಕೆಜೋಳದ ಬಿಳಿ ಹಿಟ್ಟಿನದು.

ಮುಂದಿನ ವಾರ ಅವಳು ತನ್ನ ಮುದ್ದೆ ಮಾಡಿಕೊಂಡು ಕೆಳಗೆ ಬಂದಳು. ಅತ್ತೆ ಅಭ್ಯಾಸಬಲದಿಂದ ದೊಡ್ಡ ತುತ್ತು ನುಂಗಿದರು. ಅದು ಗಂಟಲಲ್ಲೇ ಕೂತಿತು. ನೀರು ಕುಡಿಸಿ, ಬೆನ್ನು ತಟ್ಟಿ, ಅಂತೂ ಇಳಿಯಿತು.

"ಅಜ್ಜಿ, ನಮ್ಮದನ್ನ ಅಗೀಬೇಕು" ಎಂದಳು ಹುಡುಗಿ.

ಅತ್ತೆ ಬಾಯಿ ತೆರೆದು ತೋರಿಸಿದರು. ಒಳಗೆ ಒಂದೇ ಒಂದು ಹಲ್ಲು ಉಳಿದಿತ್ತು. "ಯಾವುದರಲ್ಲಿ ಅಗೀಲವ್ವಾ? ಇದನ್ನ ಸಾಕ್ಷಿಗೆ ಇಟ್ಕೊಂಡಿರೋದು!"

ಗೌನು

ಶ್ರಾವಣ ಬಂತು. ವರಮಹಾಲಕ್ಷ್ಮಿಗೆ ನಮ್ಮ ಬೀದಿಯ ಪ್ರತಿ ಮನೆಯವರೂ ಹುಡುಗಿಯನ್ನು ಅರಿಶಿನ ಕುಂಕುಮಕ್ಕೆ ಕರೆದರು. ಭಕ್ತಿ ಸ್ವಲ್ಪ, ಅವಳ ಸಣ್ಣ ಸಣ್ಣ ಜಡೆಗಳನ್ನು ಹತ್ತಿರದಿಂದ ನೋಡುವ ಆಸೆ ಹೆಚ್ಚು. ಎಲೆ ಅಡಿಕೆ, ಬಾಳೆಹಣ್ಣಿನ ಜೊತೆ ಎಲ್ಲರೂ ಒಂದೊಂದು ರವಿಕೆ ಕಣ ಇಟ್ಟು ಕೊಟ್ಟರು. ಗೌರಿ ಹಬ್ಬಕ್ಕೂ ಕೊಟ್ಟರು.

ಈ ಕಣದ ವ್ಯವಹಾರ ನಮಗೆಲ್ಲ ಗೊತ್ತು. ಅದನ್ನು ಯಾರೂ ಹೊಲಿಸುವುದಿಲ್ಲ. ಬೀರುವಿನಲ್ಲಿ ಕೆಲವು ತಿಂಗಳು ವಿಶ್ರಾಂತಿ ಪಡೆದು, ಮುಂದಿನ ಹಬ್ಬಕ್ಕೆ ಅದು ಇನ್ನೊಬ್ಬರ ಮಡಿಲು ಸೇರುತ್ತದೆ. ಕೊಟ್ಟವರಿಗೇ ಮರಳಿ ಕೊಡಬಾರದು ಅನ್ನುವುದೊಂದೇ ನಿಯಮ. ಇದನ್ನು ಹುಡುಗಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವರ ದೇಶದಲ್ಲಿ ಬಟ್ಟೆ ಕೊಟ್ಟರೆ ಅದನ್ನು ಹಾಕಿಕೊಂಡು ಕೊಟ್ಟವರಿಗೆ ತೋರಿಸಬೇಕಂತೆ, ಇಲ್ಲದಿದ್ದರೆ ಅವಮಾನ ಮಾಡಿದಂತೆ.

ಹಬ್ಬ ಕಳೆದ ಐದನೇ ದಿನ ಗಣೇಶನ ಪೆಂಡಾಲಿನಲ್ಲಿ ಸಂಜೆಯ ಮಂಗಳಾರತಿಗೆ ಬೀದಿಯ ಹೆಂಗಸರೆಲ್ಲ ಸೇರಿದ್ದೆವು. ಪಕ್ಕದ ಮನೆಯಾಕೆ ಅತ್ತೆಯ ಪಕ್ಕ ಕೂತು, "ಹಬ್ಬ ಮುಗೀತಲ್ಲ, ನಾಳೆ ಅವಳಿಗೆ ಹೇಳಿಬಿಡಿ. ನನ್ ತಮ್ಮ ಸಾಮಾನು ಕಟ್ಟಿ ಕಾಯ್ತಿದಾನೆ" ಎನ್ನುತ್ತಿದ್ದಳು. ಅತ್ತೆ ಗಣೇಶನ ಕಡೆ ನೋಡುತ್ತಾ ಬತ್ತಿ ಹೊಸೆಯುತ್ತಿದ್ದರು.

ಆಗ ಹುಡುಗಿ ಬಂದಳು. ಬಂದ ಕಣಗಳನ್ನೆಲ್ಲ ಜೋಡಿಸಿ ನೆಲ ಮುಟ್ಟುವ ಒಂದು ಗೌನು ಹೊಲಿಸಿಕೊಂಡಿದ್ದಳು! ಹಸಿರು, ಕೆಂಪು, ನೇರಳೆ, ಜರಿ, ಚುಕ್ಕಿ ಎಲ್ಲ ಸೇರಿ ಪೆಂಡಾಲಿನ ಸೀರಿಯಲ್ ಲೈಟೇ ಮಂಕಾಯಿತು. ಸಾಲದ್ದಕ್ಕೆ ಕೈ ಮುಗಿದು ಒಬ್ಬೊಬ್ಬರಿಗೂ ಲೆಕ್ಕ ಒಪ್ಪಿಸತೊಡಗಿದಳು.

"ಈ ಬಲತೋಳು ಪಕ್ಕದ ಮನೆ ಆಂಟಿ ಕೊಟ್ಟಿದ್ದು. ಥ್ಯಾಂಕ್ಸ್ ಆಂಟಿ!"

ಅತ್ತೆ ಬಲತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು. "ಇದು ನಾನು ನಿನ್ ಮೊಮ್ಮಗನ ನಾಮಕರಣಕ್ಕೆ ಕೊಟ್ಟಿದ್ದಲ್ವೇನೇ? ಒಲಿಸ್ಕೊಂಡೆ, ಬೋ ಚೆನ್ನಾಗಿ ಕೂತೈತೆ ಅಂತ ನೀನೇ ಅಂದಿದ್ಯಲ್ಲೇ?"

ಅತ್ತೆ ಗೆದ್ದವರ ಹಾಗೆ ಸುತ್ತ ನೋಡಿದರು.

"ಈ ಮುಂದಿನ ಭಾಗ ನಮ್ಮ ಅಜ್ಜಿ ಕೊಟ್ಟಿದ್ದು" ಎಂದಳು ಹುಡುಗಿ, ಪ್ರೀತಿಯಿಂದ.

"ಆಹಾ! ಅದು ನನ್ ಮಗಳ ಸೀಮಂತಕ್ಕೆ ನಾನು ನಿಮಗೆ ಕೊಟ್ಟಿದ್ದು!" ಎಂದು ಪಕ್ಕದ ಮನೆಯಾಕೆ ಎದ್ದೇ ನಿಂತಳು.

ಅಲ್ಲಿಂದ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಎಡತೋಳು ಯಾರದು, ಜೇಬು ಯಾರದು, ಬೆನ್ನಿನ ಜರಿ ಯಾರಿಂದ ಯಾರಿಗೆ ಹೋಯಿತು ಅಂತ ಹೆಂಗಸರೆಲ್ಲ ಹುಡುಗಿಯನ್ನು ಗಿರಗಿರ ತಿರುಗಿಸಿ ನೋಡಿದರು. ಪೂಜಾರರು ಆರತಿ ತಟ್ಟೆ ಹಿಡಿದು ನಿಂತೇ ಇದ್ದರು.

ಹುಡುಗಿ ಹೆದರಿಬಿಟ್ಟಳು. ತನ್ನಿಂದ ದೊಡ್ಡ ತಪ್ಪಾಯಿತು, ರೂಮು ಹೋಯಿತು ಅಂತಲೇ ಅವಳಿಗನ್ನಿಸಿರಬೇಕು. ಕಣ್ಣು ತುಂಬಿಕೊಂಡು ಅತ್ತೆಯ ಕೈ ಹಿಡಿದಳು. "ಸಾರಿ ಅಜ್ಜಿ. ಇದನ್ನ ಹೊಲಿಸಬಾರದಾ? ನಾಳೆನೇ ಬಿಚ್ಚಿಸಿ, ಎಲ್ಲರಿಗೂ ಅವರವರದು ವಾಪಸ್ ಕೊಡ್ತೀನಿ."

"ಬೇಡಮ್ಮಾ!" ಎಂದು ಇಡೀ ಪೆಂಡಾಲು ಒಟ್ಟಿಗೆ ಕೂಗಿತು.

ಅತ್ತೆ ಹುಡುಗಿಯ ಕಣ್ಣೊರೆಸಿ, ತಮ್ಮ ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡರು. ಆಮೇಲೆ ಪಕ್ಕದ ಮನೆಯಾಕೆಯ ಕಡೆ ತಿರುಗಿದರು.

"ನಿನ್ ತಮ್ಮಂಗೆ ಬೇರೆ ಮನೆ ನೋಡ್ಕೊಳ್ಳೋಕೇಳು. ಬಂದ ಕಣಾನ ಒಲಿಸ್ಕೊಳ್ಳೋಳು ಬೀದೀಲಿ ಇವಳೊಬ್ಳೇ. ಈ ಉಡುಗೀನ ಕಳಿಸಿಬಿಟ್ರೆ, ಅಷ್ಟೂ ಕಣ ಮತ್ತೆ ನಮ್ ಬೀರುಗೇ ಬಂದ್ ಕೂತ್ಕೋತವೆ!"