ಕಳೆದ ವರ್ಷದ ಕೂಗು

ಎಲ್ಲ ಶುರುವಾದದ್ದು ಒಂದು ಕವಳದಿಂದ.

ಭಾನುವಾರ ಬೆಳಿಗ್ಗೆ ರೇಖಾ ಎರಡು ವೀಳ್ಯದೆಲೆ, ನಾಲ್ಕು ಹೋಳು ಅಡಿಕೆ, ಒಂದು ಚೂರು ಹೊಗೆಸೊಪ್ಪು ಸೇರಿಸಿ ದಪ್ಪಗೆ ಮಡಚಿ ಗಂಡನ ಅಂಗಿಯ ಕಿಸೆಗೆ ಹಾಕಿದಳು.

"ಹೊಂಡದ ಹತ್ರ ಹೋದ ಕೂಡ್ಲೆ ಬಾಯಿಗೆ ಹಾಕ್ಕಣಿ. ಸ್ಪರ್ಧೆ ಮುಗಿಯೂವರೆಗೆ ಉಗಿಯೂದು ಬೇಡ. ಬಾಯಿ ತುಂಬಿದ್ರೆ ಕೂಗೂಕೆ ಆಗೂದಿಲ್ಲ."

"ನಾ ಎಂತಕ್ಕೆ ಕೂಗ್ತೆ?" ಎಂದ ಮಾಬ್ಲ.

ಈಜುಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಹನ್ನೆರಡು ವರ್ಷದ ಮಗಳು ಚಂದನಾ ಹೇಳಿದಳು: "ಅಪ್ಪಾ, ಮೊದ್ಲೇ ಹೇಳಿಬಿಡ್ತೆ. ನಿನ್ನ ದನಿ ಕೇಳ್ತು ಅಂದ್ರೆ ನಾ ಎಲ್ಲಿದ್ದೆನೋ ಅಲ್ಲೇ ಈಜೂದು ನಿಲ್ಲಿಸ್ತೆ."

ಮಾಬ್ಲನದು ಹೊನ್ನಾವರದ ಟೆಂಪೋ ಸ್ಟ್ಯಾಂಡಿನಲ್ಲಿ ಜನರನ್ನು ಕೂಗಿ ಹತ್ತಿಸುವ ಕೆಲಸ. "ಭಟ್ಕಳ ಭಟ್ಕಳ ಭಟ್ಕಳ! ಬನ್ನಿ ಬನ್ನಿ, ಒಂದೇ ಸೀಟ್ ಖಾಲಿ!" ಎಂದು ಅವನು ಕೂಗಿದರೆ ಕುಮಟಾಕ್ಕೆ ಹೊರಟವರೂ ಒಂದೊಂದು ಸಲ ಭಟ್ಕಳದ ಟೆಂಪೋ ಹತ್ತಿಬಿಡುತ್ತಿದ್ದರು. ಅಂಥ ದನಿ. ಕಳೆದ ಬೇಸಿಗೆಯ ಈಜುಸ್ಪರ್ಧೆಯಲ್ಲಿ ಅವನು ಆ ದನಿಯನ್ನು ಪೂರ್ತಿ ಬಿಟ್ಟಿದ್ದ. ದಡದುದ್ದಕ್ಕೂ ಮಗಳ ಸಮಸಮಕ್ಕೆ ಓಡುತ್ತ, "ಚಂದನಾ, ಕೈ ಬೀಸೇ! ಆಚೆ ಈಚೆ ನೋಡ್ಬೇಡ! ನಾ ಇದ್ದೆ ಇಲ್ಲಿ!" ಎಂದು ಕೂಗಿದ್ದ. ಆಚೆ ಈಚೆ ನೋಡಬೇಡ ಎಂದವರು ಯಾರೆಂದು ಅವಳು ಈಚೆ ತಿರುಗಿ ನೋಡಿದಳು. ಅಷ್ಟರಲ್ಲಿ ಕುಮಟಾದ ಹುಡುಗಿ ಗೋಡೆ ಮುಟ್ಟಿಯಾಗಿತ್ತು. ಅದೇ ಗಳಿಗೆಗೆ ಮಾಬ್ಲನ ಕಾಲು ಜಾರಿ "ಅಯ್ಯಯ್ಯೋ" ಎನ್ನುತ್ತ ಅವನೂ ನೀರಿಗೆ ಬಿದ್ದ. ಕಾವಲಿಗಿದ್ದ ಮಾವಿನಕುರ್ವೆಯ ನಾಗ, ಬಲೆಗೆ ಬಿದ್ದ ತೊರಕೆ ಮೀನನ್ನು ಎಳೆಯುವ ಹಾಗೆ ಅವನನ್ನು ಹಗ್ಗ ಹಾಕಿ ಎಳೆದು ದಡಕ್ಕೆ ಹಾಕಿದ್ದ.

ಆಮೇಲೆ ಮಾಬ್ಲನ ದನಿ ಮೊದಲಿನಂತಿರಲಿಲ್ಲ. ಮಳೆಗಾಲದಲ್ಲಿ ಅವನ 'ಭಟ್ಕಳ' ರಸ್ತೆ ದಾಟುವುದು ನಿಂತಿತು. ದೀಪಾವಳಿಯ ಹೊತ್ತಿಗೆ ಟೆಂಪೋದ ಹಿಂದಿನ ಸೀಟಿನವರೆಗೂ ಹೋಗದಾಯಿತು. ಶಿವರಾತ್ರಿ ಕಳೆದ ಮೇಲೆ ಪಕ್ಕದಲ್ಲಿ ನಿಂತ ಡ್ರೈವರನೇ "ಎಂತ?" ಎಂದು ಕೇಳತೊಡಗಿದ. ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, "ಗಂಟಲಲ್ಲಿ ಏನೂ ಇಲ್ಲ" ಎಂದರು. ಅವರು ಹೇಳಿದ್ದು ಎಷ್ಟು ನಿಜ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಹೊಂಡ ಹೆದ್ದಾರಿಯಿಂದ ಒಳಗೆ, ಬೋಳು ಗುಡ್ಡದ ನೆತ್ತಿಯಲ್ಲಿತ್ತು. ಮೊದಲು ಅಲ್ಲಿ ಚಿರೆಕಲ್ಲು ಕಡಿಯುತ್ತಿದ್ದರು. ಕಲ್ಲು ಮುಗಿದ ಮೇಲೆ ನೀರು ತುಂಬಿತು. ನಾಲ್ಕು ಕಡೆಯೂ ಚಾಕುವಿನಿಂದ ಕೊಯ್ದಂಥ ಕೆಂಪು ಗೋಡೆ. ನಡುವೆ ಹಸಿರು ನೀರು. ಗಾಳಿ ಬೀಸಿದರೆ ಗುಡ್ಡದ ಹುಲ್ಲು ಅಲುಗುತ್ತಿತ್ತು, ನೀರು ಅಲುಗುತ್ತಿರಲಿಲ್ಲ. ಮೂರು ಊರಿನ ಪೋಷಕರು ಸೇರಿ ಒಂದು ಬದಿಗೆ ಸಿಮೆಂಟು ಹಾಕಿಸಿ, ಬಲೆಯ ಬೆಂಡುಗಳನ್ನು ಹಗ್ಗಕ್ಕೆ ಪೋಣಿಸಿ ಆರು ಸಾಲು ಮಾಡಿ, ಅದಕ್ಕೆ ಈಜುಕೊಳ ಎಂದು ಹೆಸರಿಟ್ಟಿದ್ದರು. ಅಷ್ಟು ಕಲ್ಲಿನ ಗೋಡೆಯಿದ್ದರೂ ಅಲ್ಲಿ ಕೂಗಿದರೆ ಮರುದನಿ ಬರುತ್ತಿರಲಿಲ್ಲ. ಅದನ್ನು ಯಾರೂ ದೊಡ್ಡ ಸಂಗತಿಯೆಂದು ತಿಳಿದಿರಲಿಲ್ಲ.

ದಾರಿಯ ಬದಿಯಲ್ಲಿ ಮುದುಕಿ ಹನುಮಕ್ಕ ಕಲ್ಲಂಗಡಿ ಹೋಳು ಮಾರಲು ಕೂತಿದ್ದಳು. ಗಿರಾಕಿಗಳನ್ನು ಕರೆಯಲು ಹಳೆಯ ಎಣ್ಣೆಡಬ್ಬಿಯ ತಗಡನ್ನು ಕೋಲಿನಿಂದ ಬಡಿಯುತ್ತಿದ್ದಳು.

"ಎಂತ ಹನುಮಕ್ಕ, ಕೂಗಿ ಕರೀಬಾರ್ದಾ?" ಎಂದು ಮಾಬ್ಲ ತನ್ನ ಸವೆದ ದನಿಯಲ್ಲಿ ಕೇಳಿದ.

"ಇಲ್ಲಿ ಕಲ್ಲು ಹೊರೂವಾಗ್ಲೂ ನಾವು ಕೂಗ್ತಿರ್ಲಿಲ್ಲ. ತಗಡೇ. ಕೂಗಿದ್ದು ಗೋಡೆಗೆ ಬಡಿದು ವಾಪಸ್ ಬರೂದಿಲ್ಲ ಅಂದ್ರೆ ಎಲ್ಲೋ ಒಂದು ಕಡೆ ಉಳೀತು ಅಂತ ಅಲ್ದಾ, ತಮಾ?"

ಮಾಬ್ಲ ನಕ್ಕು, ಕವಳ ಬಾಯಿಗಿಟ್ಟು ಮುಂದೆ ಹೋದ.

ಹಿಂದಿನ ವರ್ಷದ ಗಲಾಟೆಯಿಂದ ಬುದ್ಧಿ ಕಲಿತ ದೇವರಾಜ ಸರ್ ಈ ಸಲ ಹೊಸ ನಿಯಮ ಮಾಡಿದ್ದರು. ಅವರು ಡ್ರಿಲ್ ಮಾಸ್ತರರು, ಸ್ಪರ್ಧೆಯ ಮುಖ್ಯಸ್ಥರೂ ಅವರೇ. "ಪೋಷಕರು ಬೆಂಚು ಬಿಟ್ಟು ಏಳಬಾರದು. ಕೂಗಬಾರದು. ಒಂದು ಸಲ ಕೂಗಿದರೆ ಎಚ್ಚರಿಕೆ, ಎರಡನೇ ಸಲ ಅವರ ಮಗು ಸ್ಪರ್ಧೆಯಿಂದ ಹೊರಗೆ. ಅತ್ಯುತ್ತಮ ನಡತೆಯ ಪೋಷಕರಿಗೆ ಬಹುಮಾನ, ಐದು ಲೀಟರಿನ ಕುಕ್ಕರ್." ಹನ್ನೆರಡು ವರ್ಷದ ಹುಡುಗಿಯರಲ್ಲಿ ಗೆದ್ದವಳಿಗೆ ಕಾರವಾರದ ತರಬೇತಿ ಶಿಬಿರ. ಚಂದನಾ ವರ್ಷವಿಡೀ ಬೆಳಿಗ್ಗೆ ಐದಕ್ಕೆ ಎದ್ದದ್ದು ಅದಕ್ಕಾಗಿಯೇ.

ಕುಕ್ಕರು ಕಂಡದ್ದೇ ಪೋಷಕರ ನಡುವೆ ಭಯಂಕರ ವಿನಯ ಹುಟ್ಟಿತು.

"ಮುಂದೆ ಕೂತ್ಕೊಳ್ಳಿ ಮೇಡಂ," ಎಂದ ಭಟ್ಕಳದ ದಿನಕರ. ಪಂಪ್‌ಸೆಟ್ ಅಂಗಡಿಯವನು, ಬಿಳಿ ಅಂಗಿ.

"ಛೇ, ನೀವೇ ಮುಂದೆ ಕೂತ್ಕೊಳ್ಳಿ," ಎಂದಳು ಕುಮಟಾದ ಉಮಾ ಟೀಚರ್. ಕಳೆದ ವರ್ಷ ಗೆದ್ದವಳು ಅವಳ ಮಗಳೇ.

"ನಿಮ್ಮ ಮಗಳೇ ಗೆಲ್ಲಲಿ."

"ಬೇಡ ಬೇಡ, ನಿಮ್ಮ ಮಗಳು ಗೆದ್ರೆ ನಂಗೆ ಹೆಚ್ಚು ಖುಷಿ." ಇಬ್ಬರ ಹಲ್ಲೂ ಕಚ್ಚಿಕೊಂಡಿದ್ದವು.

ಮೊದಲು ಗಂಡುಹುಡುಗರ ಸರದಿ. ಸೀಟಿ ಮೊಳಗಿತು, ಹುಡುಗರು ಧುಮುಕಿದರು. ನಲವತ್ತು ಪೋಷಕರು ಶಾಲೆಯ ಪ್ರಾರ್ಥನೆಗೆ ಕೂತವರಂತೆ ಕೂತಿದ್ದರು. ಆಗ ಕೇಳಿತು.

"ಚಂದನಾ, ಕೈ ಬೀಸೇ!"

ನಲವತ್ತು ತಲೆಗಳು ಮಾಬ್ಲನ ಕಡೆ ತಿರುಗಿದವು. ಟೆಂಪೋ ಹತ್ತಿದ ಯಾರಿಗೂ ಆ ದನಿ ಹೊಸದಲ್ಲ. ಮಾಬ್ಲನೂ ಹಿಂದೆ ತಿರುಗಿ ನೋಡಿದ. ಹಿಂದೆ ಹುಲ್ಲು ಮಾತ್ರ ಇತ್ತು. ಚಂದನಾ ಇನ್ನೂ ನೀರಿಗೇ ಇಳಿದಿರಲಿಲ್ಲ. ಮಕ್ಕಳ ಬೆಂಚಿನಿಂದ ಅವಳು ಅಪ್ಪನನ್ನು ದುರುಗುಟ್ಟಿ ನೋಡಿದಳು.

"ಮಾಬ್ಲಾ, ನಾಚಿಕೆ ಆಗೂದಿಲ್ವಾ?" ಎಂದ ದಿನಕರ.

ಬಾಯಲ್ಲಿ ಕವಳವಿದೆ, ಕೂಗಲು ಹೇಗೆ ಸಾಧ್ಯ ಎಂದು ತೋರಿಸಲು ಮಾಬ್ಲ ಬಾಯಿ ಕಳೆದ. ಒಂದು ಗಂಟೆಯ ರಸ ದಿನಕರನ ಬಿಳಿ ಅಂಗಿಯ ಮೇಲೆ ಇಳಿಯಿತು. ದಿನಕರ ಎದ್ದ, ಮುಷ್ಟಿ ಬಿಗಿದ, ಕುಕ್ಕರಿನ ಕಡೆ ನೋಡಿದ, ಮತ್ತೆ ಕೂತ. "ಪರವಾಗಿಲ್ಲ," ಎಂದ. ಆ ಒಂದು ಮಾತಿಗೆ ಅವನ ಕಣ್ಣಲ್ಲಿ ನೀರು ಬಂದಿತ್ತು.

"ಇದು ಒಂದನೇ ಸಲ," ಎಂದರು ದೇವರಾಜ ಸರ್. "ಇನ್ನೊಂದು ಕೂಗು ಕೇಳಿದ್ರೆ ಹುಡುಗಿ ಹೊರಗೆ."

"ಕಳೆದ ವರ್ಷದ ವಿಡಿಯೋ ಯಾರೋ ಫೋನಲ್ಲಿ ಹಾಕಿರ್ಬೇಕು," ಎಂದು ನಾಗ ಮಾಬ್ಲನ ಪರವಾಗಿ ಹೇಳಿದ. ಸರಿ, ಎಲ್ಲರ ಫೋನುಗಳನ್ನೂ ಬಂದ್ ಮಾಡಿಸಿ ಹನುಮಕ್ಕನ ಬುಟ್ಟಿಗೆ ತುಂಬಿ ಗೋಣಿ ಮುಚ್ಚಿದರು. ಅಷ್ಟಕ್ಕೂ ಉಮಾ ಟೀಚರಿಗೆ ಸಮಾಧಾನವಾಗಲಿಲ್ಲ. "ಯಾರಿಗೂ ಅನುಮಾನ ಬರಬಾರ್ದು ಅಂತಷ್ಟೇ," ಎಂದು ಚಂದನಾಳ ಟವೆಲು ತಂದು ಮಾಬ್ಲನ ಬಾಯಿಗೆ ಸುತ್ತಿ, ಹಿಂದೆ ಎರಡು ಗಂಟು ಹಾಕಿದಳು. ಗುಲಾಬಿ ಬಣ್ಣದ ಟವೆಲು, ಮೇಲೆ ನಗುವ ಕರಡಿಗಳು. ಕವಳದ ಸಮೇತ ಕಟ್ಟಿಸಿಕೊಂಡ ಮಾಬ್ಲ, ಪಾರ್ಸೆಲ್ ಆಫೀಸಿನಲ್ಲಿ ಯಾರೂ ಬಿಡಿಸಿಕೊಳ್ಳದ ಗಂಟಿನ ಹಾಗೆ ಕೂತ.

ಹುಡುಗಿಯರ ಸರದಿ ಬಂತು. ಮೂರನೇ ಸಾಲಿನಲ್ಲಿ ದಿನಕರನ ಮಗಳು, ನಾಲ್ಕರಲ್ಲಿ ಚಂದನಾ, ಐದರಲ್ಲಿ ಉಮಾಳ ಮಗಳು. ಸೀಟಿ ಮೊಳಗಿತು.

ನೀರಿನ ಕಡೆ ಯಾರೂ ನೋಡಲಿಲ್ಲ. ನಲವತ್ತು ಪೋಷಕರು ಮಾಬ್ಲನ ಬಾಯಿಯನ್ನೇ ನೋಡುತ್ತಿದ್ದರು. ದೇವರಾಜ ಸರ್ ಕೂಡ. ಕಾವಲಿನ ನಾಗ ಕೂಡ. ಮಾಬ್ಲನೂ ಕಣ್ಣು ಕೆಳಗೆ ಮಾಡಿ ಕರಡಿಗಳನ್ನೇ ನೋಡುತ್ತಿದ್ದ.

"ಚಂದನಾ, ಕೈ ಬೀಸೇ! ಆಚೆ ಈಚೆ ನೋಡ್ಬೇಡ!"

ಟವೆಲು ಅಲುಗಲಿಲ್ಲ. ಅದನ್ನು ನಲವತ್ತು ಜನ ಕಂಡರು.

"ನಾ ಇದ್ದೆ ಇಲ್ಲಿ!"

ದನಿ ಎದುರು ಗೋಡೆಯ ಬುಡದಲ್ಲಿ ಓಡುತ್ತಿತ್ತು. ಅಲ್ಲಿ ಓಡಲು ನೆಲವಿರಲಿಲ್ಲ. ಹವಾಯಿ ಚಪ್ಪಲಿಯ ಪಟಪಟ ಸದ್ದೂ ಜೊತೆಗಿತ್ತು. ಆಮೇಲೆ ಜಾರಿದ ಸದ್ದು, "ಅಯ್ಯಯ್ಯೋ", ದೊಡ್ಡ ದೇಹವೊಂದು ನೀರಿಗೆ ಬಿದ್ದ ಸದ್ದು. ನೀರಿನಲ್ಲಿ ಒಂದು ಅಲೆಯೂ ಏಳಲಿಲ್ಲ.

ಮರುದನಿ ಬಂದಿತ್ತು, ಸರ್ಕಾರಿ ಕಚೇರಿಯ ಸರ್ಟಿಫಿಕೇಟಿನ ಹಾಗೆ, ಒಂದು ವರ್ಷ ತಡವಾಗಿ. ಅಷ್ಟಕ್ಕೇ ಮುಗಿದಿದ್ದರೆ ಹಾಗೆಂದು ಹೇಳಿ ನಗಬಹುದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ, ಮಾಬ್ಲ ಯಾವ ವರ್ಷವೂ ಕೂಗಿರದ ಮಾತನ್ನು ಕೂಗಿತು.

"ಐದನೇ ಸಾಲು! ಆ ಹುಡುಗಿ ಒಳಗೆ ಹೋಗ್ತಾ ಇದೆ! ಚಂದನಾ, ಕೈ ಹಿಡಿಯೇ!"

ಎಲ್ಲರೂ ನೀರಿನ ಕಡೆ ತಿರುಗಿದರು. ಐದನೇ ಸಾಲಿನಲ್ಲಿ ಯಾರೂ ಇರಲಿಲ್ಲ. ನಾಲ್ಕರಲ್ಲಿ ಚಂದನಾ ಮಾತು ಕೊಟ್ಟ ಹಾಗೆ ಈಜು ನಿಲ್ಲಿಸಿ, ಸಿಟ್ಟಿನಿಂದ ಕಾಲಾಡಿಸುತ್ತ ತೇಲುತ್ತಿದ್ದಳು. ಒಂದು ಗಳಿಗೆ ಬೆಂಡಿನ ಕೆಳಗೆ ಕೈ ಹಾಕಿ ತಡಕಾಡಿದಳು. ಒಂದು ಜಡೆ ಸಿಕ್ಕಿತು. ಜಗ್ಗಿದಳು. ನಾಗ ಹಾರಿದ. ಪೋಷಕರೆಲ್ಲ ದಡಕ್ಕೆ ಓಡಿದರು; ಅಂಥ ಅವಸರದಲ್ಲೂ ಯಾರೊಬ್ಬರೂ ಕೂಗಲಿಲ್ಲ, "ಬೇಗ, ಬೇಗ" ಎಂದು ಪಿಸುಗುಟ್ಟಿದರು. ಕುಕ್ಕರಿನ ನೆನಪು ಹಾಗಿತ್ತು.

ಹುಡುಗಿಯ ಕಾಲು ಹಿಡಿದುಕೊಂಡಿತ್ತಂತೆ. ಒಂದಿಷ್ಟು ನೀರು ಕಾರಿ ಅವಳು ಅಮ್ಮನನ್ನು ತಬ್ಬಿ ಕೂತಳು. ಅಷ್ಟರಲ್ಲಿ ದಿನಕರನ ಮಗಳು ಯಾವುದೂ ಗೊತ್ತಿಲ್ಲದೆ ಈಜಿ ಹೋಗಿ ಗೋಡೆ ಮುಟ್ಟಿದ್ದಳು.

"ಇದು ಲೆಕ್ಕಕ್ಕಿಲ್ಲ," ಎಂದರು ದೇವರಾಜ ಸರ್. "ಮತ್ತೊಮ್ಮೆ ಈಜಿಸೋಣ. ಚಂದನಾ, ತಯಾರಾಗು ಮಗಾ."

ಮಾಬ್ಲನ ಎದೆ ಹಿಗ್ಗಿತು.

"ಹ್ಯಾಂಗೆ ಸರ್?" ಎಂದ ದಿನಕರ. "ಎರಡನೇ ಕೂಗು ಬಿತ್ತು. ನಿಯಮದ ಪ್ರಕಾರ ಚಂದನಾ ಹೊರಗೆ. ನನ್ನ ಮಗಳು ಗೆದ್ದಾಗಿದೆ."

"ಮಾಬ್ಲನ ಬಾಯಿ ಕಟ್ಟಿತ್ತಲ್ಲ ಮಾರಾಯ್ರೇ. ನಾವೇ ನೋಡಿದ್ದೇವೆ."

"ಹಾಗಾದ್ರೆ ಕೂಗಿದ್ದು ಯಾರು ಅಂತ ಪುಸ್ತಕದಲ್ಲಿ ಬರೀತೀರಿ?"

ದೇವರಾಜ ಸರ್ ಪೆನ್ನು ಹಿಡಿದು ನಿಂತರು. ಎಲ್ಲರೂ ಹೊಂಡದ ಕಡೆ ನೋಡಿದರು, ತಕ್ಷಣ ಕಣ್ಣು ತಿರುಗಿಸಿದರು. ಬಿಸಿಲು ನೆತ್ತಿಯ ಮೇಲಿದ್ದರೂ ಒಬ್ಬಿಬ್ಬರು ಸೆರಗು ಹೊದ್ದರು.

"ಅದನ್ನ ಬರೆದ್ರೆ ಮುಂದಿನ ವರ್ಷ ಯಾರು ಮಕ್ಕಳನ್ನ ಕಳಿಸ್ತಾರೆ?" ಎಂದು ದಿನಕರ ಮೆಲ್ಲಗೆ ಹೇಳಿದ. "ಮಾಬ್ಲನ ಹೆಸರೇ ಬರೀರಿ. ಎಲ್ಲರಿಗೂ ನಿದ್ದೆ ಬರ್ತದೆ."

ದೇವರಾಜ ಸರ್ ಉಮಾ ಟೀಚರ ಕಡೆ ನೋಡಿದರು. "ಗಂಟು ಹಾಕಿದ್ದು ನೀವಲ್ವಾ?"

ಉಮಾ ಒದ್ದೆ ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಗಂಟು ಸ್ವಲ್ಪ ಸಡಿಲ ಇತ್ತು ಅನ್ಸ್ತದೆ, ಸರ್," ಎಂದಳು.

ಮಾಬ್ಲ ಟವೆಲು ಕಿತ್ತ, ಕವಳ ಉಗಿದ, ಬಾಯಿ ತೆರೆದ. ನಾನಲ್ಲ, ನನ್ನ ಮಗಳನ್ನು ಈಜಲು ಬಿಡಿ ಎಂದು ಹೇಳಿದ. ತುಟಿಗಳು ಅಲುಗಿದವು. ಕತ್ತಿನ ನರ ಉಬ್ಬಿತು. ಪಿಸುಮಾತಿನಷ್ಟು ದನಿಯೂ ಹೊರಡಲಿಲ್ಲ. ಇದ್ದ ಚೂರೂ ಹೋಗಿತ್ತು.

"ನೋಡಿ, ಇಲ್ಲ ಅಂತ ಹೇಳಿಲ್ಲ," ಎಂದ ದಿನಕರ.

ದೇವರಾಜ ಸರ್ ಬರೆದರು. ಕಾರವಾರದ ಶಿಬಿರ ದಿನಕರನ ಮಗಳಿಗೆ ಹೋಯಿತು. ಅಂಗಿ ಕೆಟ್ಟರೂ ಒಂದೂ ಬಿರುಸಿನ ಮಾತಾಡದ ಸಂಯಮಕ್ಕಾಗಿ ಕುಕ್ಕರು ದಿನಕರನಿಗೆ ಹೋಯಿತು.

ಇಳಿಬಿಸಿಲಿನಲ್ಲಿ ಜನ ಚದುರಿದರು. ಹನುಮಕ್ಕ ಬುಟ್ಟಿ ಕಟ್ಟುತ್ತಿದ್ದಳು. ಮಾಬ್ಲ ಎದುರು ಬಂದು ನಿಂತು ಗಂಟಲು ಮುಟ್ಟಿ ತೋರಿಸಿದ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ತಗಡನ್ನೂ ಕೋಲನ್ನೂ ಅವನ ಕೈಗಿಟ್ಟಳು.

"ತಕ. ನಾಳೆ ಸ್ಟ್ಯಾಂಡಲ್ಲಿ ಬೇಕಾಗ್ತದೆ. ನಂಗೆ ಮನೇಲಿ ಇನ್ನೊಂದು ಉಂಟು."

ಚಂದನಾ ಟವೆಲು ಹಿಂಡುತ್ತ ಬಂದಳು. ಅಳು ಮುಗಿದಿತ್ತು. "ಅಪ್ಪಾ, ಸಿಟ್ಟಿಲ್ಲ. ನೀ ಕೂಗಿದ್ದೇ ಒಳ್ಳೇದಾತು. ಇಲ್ಲಾಂದ್ರೆ ಅವಳು..."

ಮಾಬ್ಲ ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಅವಳು ಅವನ ಬಾಯಿ ನೋಡಿದಳು. ಕೈಯ ತಗಡು ನೋಡಿದಳು. ಆಮೇಲೆ ನಿಧಾನವಾಗಿ ಹೊಂಡದ ಕಡೆ ತಿರುಗಿದಳು.

ಅಷ್ಟರಲ್ಲಿ ಕೆಳಗಿನಿಂದ ಕೇಳಿತು. ತುಂಬ ಉಲ್ಲಾಸದ, ದಣಿವಿಲ್ಲದ ದನಿ. ಹೊನ್ನಾವರದವರೆಲ್ಲ ಬಲ್ಲ ದನಿ.

"ಬನ್ನಿ ಬನ್ನಿ ಬನ್ನಿ! ಒಂದೇ ಸೀಟ್ ಖಾಲಿ!"

ಹನುಮಕ್ಕ ಬುಟ್ಟಿ ತಲೆಗೇರಿಸಿ, ಹಿಂದೆ ನೋಡದೆ ನಡೆದಳು. ಮಾಬ್ಲನ ಕಾಲು ನೆಲಕ್ಕೆ ಅಂಟಿತ್ತು. ಚಂದನಾಳಿಗೆ ಮಾತ್ರ ಭಯವಾದಂತಿರಲಿಲ್ಲ. ಅಪ್ಪನ ದನಿ ಕೇಳಿ ಅವಳೇಕೆ ಹೆದರಬೇಕು? ಓಡಿ ಅಂಚಿಗೆ ಹೋದಳು, ಎರಡೂ ಕೈ ಬಾಯಿಗೆ ಹಿಡಿದಳು. ಮಾಬ್ಲ ಬೇಡ ಎಂದು ಕೂಗಿದ. ಸದ್ದಿರಲಿಲ್ಲ.

"ಸೀಟ್ ಹಿಡ್ದಿಡು ಅಪ್ಪಾ! ಬರೋ ವರ್ಷ ಬತ್ತೆ!"

ಅವಳ ಕೂಗು ನೀರಿನ ಮೇಲಿಂದ ಹಾದು ಎದುರಿನ ಕೆಂಪು ಗೋಡೆಯವರೆಗೆ ಹೋಯಿತು. ಮರಳಿ ಬರಲಿಲ್ಲ.

ಮಾಬ್ಲ ತಗಡು ಬಡಿಯತೊಡಗಿದ.