ಬಣ್ಣದಂಗಡಿ ಕೊಟ್ರೇಶ್ ಅವರ ಮುಗಿಯದ ಮನೆ

ಹೊಳಲ್ಕೆರೆಯ ಬಣ್ಣದ ವ್ಯಾಪಾರಿ ಕೊಟ್ರೇಶ್ ಅವರ ಮನೆಯು ಗೃಹಪ್ರವೇಶವಾಗಿ ಹದಿನಾಲ್ಕು ತಿಂಗಳು ಕಳೆದರೂ ದಾಖಲೆಗಳ ಪ್ರಕಾರ ಇನ್ನೂ ಕಟ್ಟುವ ಹಂತದಲ್ಲೇ ಇದೆ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಸಂಬಂಧಪಟ್ಟವರೆಲ್ಲ ಸಹಿ ಮಾಡಿದ್ದಾರೆ. ಸಹಿ ಮಾಡಿದವರಲ್ಲಿ ಕೊಟ್ರೇಶ್ ಅವರೂ ಒಬ್ಬರು.

ಇಪ್ಪತ್ತೆರಡು ವರ್ಷಗಳಿಂದ ಊರಿಗೆಲ್ಲ ಡಿಸ್ಟೆಂಪರು, ಪುಟ್ಟಿ, ಎನಾಮೆಲ್ ಮಾರಿದವರು ಅವರು. ಊರಿನ ಮುಕ್ಕಾಲು ಗೋಡೆಗಳ ಗುಲಾಬಿ, ಗಿಳಿಹಸಿರುಗಳಿಗೆ ಅವರೇ ಹೊಣೆ. ಅದನ್ನೇ ನೋಡಿ ನೋಡಿ ದಣಿದ ಕಣ್ಣಿಗೆ ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಮನೆ ಕಂಡಿತು. ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ. ಬರೀ ಇಟ್ಟಿಗೆ, ಬರೀ ಕಾಂಕ್ರೀಟು, ಸೂರಿನ ಕಿಂಡಿಯಿಂದ ಇಳಿದ ಬಿಸಿಲು. ಅಂದಿನಿಂದ ಅವರು ಕೆಟ್ಟರು. ಗಿರಾಕಿ ಎದುರಿಗೆ ನಿಂತಿದ್ದರೂ ಜಪಾನಿನ ಮೆಟ್ಟಿಲು, ಮೆಕ್ಸಿಕೋದ ಕಿಟಕಿ ನೋಡುತ್ತ ಕೂತಿರುತ್ತಿದ್ದರು. "ವಸ್ತುವಿನ ಪ್ರಾಮಾಣಿಕತೆ" ಎಂಬ ಮಾತೊಂದನ್ನು ಎಲ್ಲಿಂದಲೋ ಕಲಿತು ವಾರಕ್ಕೆ ಮೂರು ಸಲ ಬಳಸುತ್ತಿದ್ದರು. ಅದರ ಅರ್ಥ ಅವರಿಗೂ ಪೂರ್ತಿ ಗೊತ್ತಿರಲಿಲ್ಲ, ಆದರೆ ಹೇಳುವಾಗ ಎದೆ ಉಬ್ಬುತ್ತಿತ್ತು.

ಹಾಗೆ ಎದ್ದ ಮನೆ ಅದು. ಗೋಡೆಯೆಲ್ಲ ಬರಿಯ ಇಟ್ಟಿಗೆ. ಕಂಬಗಳ ಮೇಲೆ ಕಾಂಕ್ರೀಟು ಸುರಿದಾಗಿನ ಸೆಂಟ್ರಿಂಗ್ ಹಲಗೆಯ ಗೆರೆಗಳು ಮೂಡಿದಂತೆಯೇ ಇವೆ. ಗೇಟು ಬೇಕೆಂದೇ ತುಕ್ಕು ಹಿಡಿಸಿದ ಕಬ್ಬಿಣದ್ದು. ಪಡಸಾಲೆಯ ಸೂರಿನ ನಡುವೆ ದುಂಡನೆಯ ಬೆಳಕಿಂಡಿ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅದರಿಂದ ದೋಸೆಯಷ್ಟಗಲ ಬಿಸಿಲು ಇಟ್ಟಿಗೆಯ ಗೋಡೆಯ ಮೇಲೆ ಬಿದ್ದು, ಮೆಲ್ಲಗೆ ಕೆಳಗಿಳಿಯುತ್ತದೆ. ಆ ಒಂದು ಗಂಟೆ ಕೊಟ್ರೇಶ್ ಅಂಗಡಿಗೆ ಹೋಗುವುದಿಲ್ಲ. ಅವರಿಗೆ ಆ ಮನೆಯ ಮೇಲೆ ನಿಜಕ್ಕೂ ಪ್ರೀತಿಯಿತ್ತು. ಇದನ್ನು ನಗದೆ ದಾಖಲಿಸಬೇಕಾಗಿದೆ.

ಗೃಹಪ್ರವೇಶಕ್ಕೆ ಬಂದ ನೆಂಟರು ಗೋಡೆ ಮುಟ್ಟಿ ನೋಡಿ ಲೊಚಗುಟ್ಟಿದರು. ಭರಮಸಾಗರದ ಸೋದರಮಾವ ಶಿವಕುಮಾರಪ್ಪನವರಿಗೆ ಮನೆ ಅರ್ಧಕ್ಕೆ ನಿಂತಿದೆಯೆಂದು ಯಾರೋ ಮೊದಲೇ ತಿಳಿಸಿದ್ದರು. ಆದ್ದರಿಂದ ಅವರು ಮುಯ್ಯಿಗೆ ಬೆಳ್ಳಿ ಲೋಟ ತರದೆ, ಲಗೇಜ್ ಆಟೋದಲ್ಲಿ ಹತ್ತು ಚೀಲ ಸಿಮೆಂಟು ತಂದಿದ್ದರು. ಪ್ರತಿ ಚೀಲದ ಮೇಲೂ ವಿಭೂತಿ ಹಚ್ಚಿ ಎಲೆ ಅಡಿಕೆ ಇಟ್ಟಿದ್ದರು.

"ನಾಚ್ಕಬ್ಯಾಡ ಕಣಪ್ಪ, ಇಟ್ಕ. ಮನೆ ಕಟ್ಟಿದೋರಿಗೆಲ್ಲ ಕೊನೇಲಿ ಕೈ ಕಚ್ಚೋದೇ."

"ಮಾವ, ಮನೆ ಮುಗಿದೈತೆ. ಇದು ಹಿಂಗೇ ಇರೋದು."

"ನಿನ್ನ ಧೈರ್ಯ ಮೆಚ್ಚಿದೆ ಬಿಡು," ಎಂದು ಮಾವ ಭುಜ ತಟ್ಟಿ ಕಣ್ಣೊರೆಸಿಕೊಂಡರು.

ಕೊಟ್ರೇಶ್ ಅವರಿಗೆ ಅವಮಾನವೂ ಆಯಿತು, ಮಾವನ ಮೇಲೆ ಅಕ್ಕರೆಯೂ ಉಕ್ಕಿತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯ ಮಾಡುವುದನ್ನೇ ಮಾಡಿದರು. ಸಿಮೆಂಟು ಇಳಿಸಿಕೊಂಡರು.

ಎರಡು ವಾರದ ನಂತರ ಕಟ್ಟಡ ಮುಕ್ತಾಯ ಪರಿಶೀಲನಾ ಕೋಶದ ಇನ್ಸ್‌ಪೆಕ್ಟರ್ ದುರ್ಗೇಶ್ ಬಂದರು. ಇವರು ಮನೆ ಮುಗಿದಿದೆಯೆಂದು ಬರೆದುಕೊಟ್ಟರೆ ಮಾತ್ರ ಕಾಯಂ ಕರೆಂಟು, ಕಾಯಂ ನಲ್ಲಿ.

"ಒಳಗಡೆ ಪ್ಲಾಸ್ಟರ್ ಆಗೈತಾ?"

"ಇಲ್ಲ ಸರ್."

"ಹೊರಗಡೆ? ಬಣ್ಣ?"

"ಇಲ್ಲ ಸರ್. ಇದು ಡಿಸೈನು."

"ಫಾರಂನಾಗೆ ಡಿಸೈನ್ ಅಂತ ಕಾಲಂ ಇಲ್ಲ ಕಣ್ರಿ."

"ಇದು ವಸ್ತುವಿನ ಪ್ರಾಮಾಣಿಕತೆ ಸರ್."

ದುರ್ಗೇಶ್ ಫಾರಂ ತಿರುವಿ ಹಿಂಬದಿಯನ್ನೂ ನೋಡಿದರು. "ಪ್ರಾಮಾಣಿಕತೆಗೂ ಕಾಲಂ ಇಲ್ರಿ."

ಮೂರನೇ ದಿನ ಗೇಟಿಗೆ ನೋಟೀಸು ಅಂಟಿತು: "ಸದರಿ ಕಟ್ಟಡದ ಇಟ್ಟಿಗೆಗಳು ಸಾರ್ವಜನಿಕರ ಕಣ್ಣಿಗೆ ಕಾಣುತ್ತಿರುವುದರಿಂದ ಕಟ್ಟಡವು ಅಪೂರ್ಣವೆಂದು ತೀರ್ಮಾನಿಸಲಾಗಿದೆ. ಅಪೂರ್ಣ ಕಟ್ಟಡದಲ್ಲಿ ಯಾರೂ ವಾಸಿಸತಕ್ಕದ್ದಲ್ಲ. ಏಳು ದಿನಗಳೊಳಗಾಗಿ ಇಟ್ಟಿಗೆಗಳನ್ನು ಮರೆಮಾಡುವುದು, ಇಲ್ಲವೇ ಮನೆಯನ್ನು ಖಾಲಿ ಮಾಡುವುದು."

"ಅಂಗಡೀಲಿ ಪುಟ್ಟಿ ಐತೆ, ಮಾವ ತಂದ ಸಿಮೆಂಟ್ ಐತೆ," ಎಂದರು ಹೆಂಡತಿ ಬಿಂದು. "ಐದಾರು ದಿನದ ಕೆಲಸ. ಮೆತ್ತಿಸ್ರಿ ಅತ್ಲಾಗೆ."

"ಆ ಬಿಸಿಲು ಡಿಸ್ಟೆಂಪರ್ ಮೇಲೆ ಬಿದ್ರೆ ಏನ್ ಚೆಂದ ಕಾಣತೈತೆ ಬಿಂದು?"

"ಬಿಸಿಲಿಗೆ ಏನ್ ಗೊತ್ತಾಗತೈತ್ರೀ?"

ಕೊಟ್ರೇಶ್ ಅಂಗಡಿಗೆ ಹೋಗಿ ಪುಟ್ಟಿಯ ಚೀಲವೊಂದನ್ನು ಎತ್ತಿ, ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಮತ್ತೆ ಇಟ್ಟರು. ಮನೆ ಬಿಡುವುದಕ್ಕಿಂತ ಅದರ ಮುಖ ಮುಚ್ಚುವುದೇ ಅವರಿಗೆ ಹೆಚ್ಚು ಸಂಕಟವೆನಿಸಿತು. ಏಳನೇ ದಿನ ಕೋಶದ ಕಚೇರಿಗೆ ಹೋಗಿ ಕೈ ಮುಗಿದರು.

ದುರ್ಗೇಶ್ ಕೆಟ್ಟ ಮನುಷ್ಯರಲ್ಲ. "ಕುಂತ್ಕಳ್ರಿ," ಎಂದು ನಿಯಮಾವಳಿ ತೆಗೆದರು. "ಅಪೂರ್ಣ ಕಟ್ಟಡದಾಗೆ ವಾಸ ಮಾಡಬಾರದು ಅಂದೈತೆ. ಕಾವಲುಗಾರ ಸಂಸಾರ ಸಮೇತ ಇರಬಹುದು ಅಂತಾನೂ ಐತೆ. ಒಬ್ಬನ್ನ ನೇಮಿಸ್ಕಳ್ರಿ."

"ಯಾರನ್ನ ಸರ್?"

"ಆ ಮನೇನ ನಿಮ್ಮನ್ನ ಬಿಟ್ರೆ ಯಾರ್ ಕಾಯ್ತಾರ್ರಿ?"

ಕಾವಲುಗಾರನ ಕೆಲಸ ಕೋರಿ ಕೊಟ್ರೇಶ್, ಮಾಲೀಕರಾದ ಕೊಟ್ರೇಶ್ ಅವರಿಗೆ ಅರ್ಜಿ ಸಲ್ಲಿಸಿದರು. ಅಭ್ಯರ್ಥಿಯ ನಡತೆಯನ್ನು ತಾವು ಬಾಲ್ಯದಿಂದ ಬಲ್ಲೆವೆಂದು ಕೊಟ್ರೇಶ್ ಅವರೇ ಪ್ರಮಾಣಪತ್ರ ಬರೆದರು. ಷರತ್ತುಗಳು ಹೆಚ್ಚೇನಿಲ್ಲ. ಕಾವಲುಗಾರ ಮನೆಯಲ್ಲಿರುವಾಗ ಖಾಕಿ ಧರಿಸಿ ಸೀಟಿ ಇಟ್ಟುಕೊಂಡಿರಬೇಕು. ಗೇಟಿನ ಮುಂದೆ ಸದಾ ಒಂದು ಗುಡ್ಡೆ ಮರಳಿರಬೇಕು. ಮಾಲೀಕರು ತಿಂಗಳ ಎರಡನೇ ಶನಿವಾರ ಮಾತ್ರ, ಮುಂಚಿತವಾಗಿ ತಿಳಿಸಿ, ಮನೆ ನೋಡಲು ಬರಬಹುದು. ಮೊದಲ ಭೇಟಿಯ ದಿನ ಖಾಕಿ ಬಿಚ್ಚಿ ಬಿಳಿ ಅಂಗಿ ತೊಟ್ಟು ಮಾಲೀಕರಾಗಿ ಬಂದ ಗಂಡನಿಗೆ ಬಿಂದು ಕಾಫಿ ಕೊಟ್ಟು, "ನಮ್ಮನೆಯವರು ಹೊರಗೆ ಹೋಗಿದಾರೆ, ಬರ್ತಾರೆ," ಎಂದರು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

ತಿಂಗಳಿಗೊಮ್ಮೆ ದುರ್ಗೇಶ್ ಪ್ರಗತಿ ಪರಿಶೀಲನೆಗೆ ಬರುತ್ತಾರೆ. ಅವರ ಮನೆ ಹಿಂದಿನ ಬೀದಿಯಲ್ಲೇ ಇದ್ದರೂ, ಪ್ರಯಾಣ ಭತ್ಯೆಯ ನಿಯಮಕ್ಕೆ ಧಕ್ಕೆಯಾಗದಂತೆ ಬೆಳಿಗ್ಗೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ ಅಲ್ಲಿಂದ ಹೊಳಲ್ಕೆರೆಗೆ ಆಗಮಿಸುತ್ತಾರೆ. ಮನೆ ಮುಗಿದರೆ ಈ ಪ್ರಯಾಣವೂ ಮುಗಿಯುವುದರಿಂದ, ಬರಿಯ ಇಟ್ಟಿಗೆಯ ಸೌಂದರ್ಯವನ್ನು ಈಗ ಊರಿನಲ್ಲಿ ಅವರಷ್ಟು ಮೆಚ್ಚುವವರು ಇನ್ನೊಬ್ಬರಿಲ್ಲ. ಅಪೂರ್ಣ ಕಟ್ಟಡಕ್ಕೆ ಪೂರ್ತಿ ಕಂದಾಯವಿಲ್ಲವೆಂದು ತಿಳಿದ ಮೇಲೆ ಅದೇ ಬಡಾವಣೆಯ ಹನ್ನೊಂದು ಮನೆಯವರು ಇಟ್ಟಿಗೆ ಕಾಣುವಂತೆ ಗೋಡೆ ಕೆರೆಸಿದರು. ಕೊಟ್ರೇಶ್ ಅಂಗಡಿಯಲ್ಲಿ ಬಣ್ಣಕ್ಕಿಂತ ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿಯೇ ಹೆಚ್ಚು ಖರ್ಚಾಗುತ್ತಿದೆ.

ಕಳೆದ ತಿಂಗಳು ಬೆಂಗಳೂರಿನ ಮನೆವಿನ್ಯಾಸದ ಪತ್ರಿಕೆಯೊಂದರಿಂದ ಪಲ್ಲವಿ ಎಂಬ ಛಾಯಾಗ್ರಾಹಕಿ ಬಂದರು. ಸರಿಯಾಗಿ ಹತ್ತು ಗಂಟೆ. ಬಿಸಿಲು ಗೋಡೆಯ ಮೇಲಿಂದ ಇಳಿಯುವುದನ್ನು ನೋಡಿ ಆಕೆ ಕ್ಯಾಮೆರಾ ಎತ್ತುವುದನ್ನೂ ಮರೆತು ನಿಂತರು. ಖಾಕಿಯಲ್ಲಿದ್ದ ಕೊಟ್ರೇಶ್ ಮೆಲ್ಲಗೆ ಆಕೆಯ ಪಕ್ಕಕ್ಕೆ ಬಂದರು. ಇಷ್ಟು ದಿನಕ್ಕೆ ಒಬ್ಬರಾದರೂ ಹಾಗೆ ನಿಂತರಲ್ಲ!

"ಎಂಥಾ ಮನೆ ಕಟ್ಟಿಸಿದಾರೆ! ಇದರ ಮಾಲೀಕರು ಎಲ್ಲಿ? ಅವರ ಹತ್ರ ಮಾತಾಡ್ಬೇಕಿತ್ತು."

ಈ ಪ್ರಶ್ನೆಗೆ ಹೇಳಬೇಕಾದ್ದನ್ನು ಕೊಟ್ರೇಶ್ ಎಷ್ಟೋ ಸಲ ಕನ್ನಡಿಯ ಮುಂದೆ ಹೇಳಿಕೊಂಡಿದ್ದರು. ಆದರೆ ಅಂದು ತಿಂಗಳ ಪರಿಶೀಲನೆಯ ದಿನ, ಮಾಲೀಕರು ಬರಬಹುದಾದ ಶನಿವಾರವಲ್ಲ. ಕಂಬದ ಪಕ್ಕದಲ್ಲಿ ದುರ್ಗೇಶ್ ರಿಜಿಸ್ಟರ್ ತೆರೆದು ಪೆನ್ನು ಹಿಡಿದು ನಿಂತಿದ್ದರು.

"ಇಲ್ಲ ಮೇಡಂ," ಎಂದರು ಕೊಟ್ರೇಶ್. "ಮನೆ ಮುಗಿದ ಮ್ಯಾಲೆ ಬರ್ತಾರೆ."

"ಓ, ಇನ್ನೂ ಕೆಲಸ ಇದೆಯಾ? ಇದರ ಮೇಲೆ ಏನೂ ಮೆತ್ತಬೇಡಿ ಅಂತ ಅವರಿಗೆ ಹೇಳ್ತೀರಾ? ನೀವು ಸ್ವಲ್ಪ ಆ ಕಡೆ ಸರೀರಿ, ಫೋಟೋದಲ್ಲಿ ಬರ್ತಿದೀರ."

ಕೊಟ್ರೇಶ್ ಸರಿದರು.

ಮುಂದಿನ ಎರಡನೇ ಶನಿವಾರ ಮಾಲೀಕರು ನಿಯಮದಂತೆ ಆಗಮಿಸಿದಾಗ, ಕಾವಲುಗಾರನು ಮೇಡಂ ಹೇಳಿದ ಮಾತನ್ನು ಅವರಿಗೆ ಚಾಚೂ ತಪ್ಪದೆ ತಿಳಿಸಿದನು. ಮಾಲೀಕರಿಗೆ ಬಹಳ ಸಂತೋಷವಾಯಿತು.