ಮಗ್ಗದ ಮನೆಯಿಂದ ಎಂಬಿಎಗೆ

ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯಲು ಜನಕ್ಕೆ ಎಷ್ಟೋ ಕಾರಣಗಳಿರುತ್ತವೆ. ಜ್ವರ ಬಂದಿರುತ್ತದೆ, ಬಸ್ಸು ಕೆಟ್ಟಿರುತ್ತದೆ, ಇಲ್ಲವೇ ಓದಿಯೇ ಇರುವುದಿಲ್ಲ. ನನಗೆ ಇವೊಂದೂ ಒದಗಿ ಬರಲಿಲ್ಲ. ಮೈ ಚೆನ್ನಾಗಿತ್ತು, ಬಸ್ಸು ಹೊತ್ತಿಗೆ ಮುಂಚೆಯೇ ಮುಟ್ಟಿಸಿತ್ತು, ಓದಿಯೂ ಇದ್ದೆ. ಹಾಗಿದ್ದೂ ತೊಂಬತ್ತರ ದಶಕದ ಆರಂಭದಲ್ಲಿ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಬಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ನಡುಮನೆಯ ಗೋಡೆಯಾಚೆಗೇ ಪವರ್‌ಲೂಮುಗಳು. ಹುಟ್ಟಿದಾಗಿನಿಂದ ಆ ಲಟಪಟ ಸದ್ದಿನಲ್ಲೇ ಉಂಡವನು, ಓದಿದವನು, ಮಲಗಿದವನು ನಾನು. ಮಾತು ಕಿವಿಗೆ ಬೀಳದ ಕಾರಣ ನಾವೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಅರ್ಥ ಮಾಡಿಕೊಳ್ಳುತ್ತೇವೆ. ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದು ಲೆಕ್ಕ. ಆಗ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬಂದು ಟೀ ಕುಡಿಯುವುದು ನಮ್ಮ ಬೀದಿಯ ಪದ್ಧತಿ.

ಬೆಂಗಳೂರಿನ ಪರೀಕ್ಷಾ ಕೊಠಡಿಯಲ್ಲಿ ಗಂಟೆ ಹೊಡೆಯಿತು, ಪ್ರಶ್ನೆಪತ್ರಿಕೆ ಹಂಚಿದರು, ಅಷ್ಟು ಜನವೂ ಒಮ್ಮೆಲೇ ಸುಮ್ಮನಾದರು. ಅಷ್ಟೇ. ನನ್ನ ಕೈ ಪೆನ್ನನ್ನು ಕೆಳಗಿಟ್ಟಿತು. ಮೈ ಸಡಿಲವಾಯಿತು. ಬಾಗಿಲ ಕಡೆ ನೋಡುತ್ತಾ ಕುಳಿತೆ, ಟೀ ಬರಲಿಲ್ಲ. ಮೇಲ್ವಿಚಾರಕರು ಬಂದು ಭುಜ ತಟ್ಟುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು.

ಫಲಿತಾಂಶ ಬಂದ ಮೇಲೆ ಅಪ್ಪ ಕೇಳಿದರು: "ಇನ್ನೊಂದ್ಸಲ ಬರೀತೀಯೋ, ಬಿಡ್ತೀಯೋ? ಚಿಕ್ಕಪ್ಪ ಚಿಕ್ಕಪೇಟೆ ಸೀರೆ ಅಂಗಡಿಗೆ ಜನ ಹುಡುಕ್ತಾ ಇದ್ದಾನೆ. ದೀಪಾವಳಿವರೆಗೂ ನಿಂಗೋಸ್ಕರ ಕಾಯಲ್ಲವಂತೆ." ಮತ್ತೆ ಬರೆದರೆ ಅಂಗಡಿ ಕೈ ತಪ್ಪುತ್ತದೆ. ಬರೆದು ಮತ್ತೆ ಬಿದ್ದರೆ ಎರಡೂ ಇಲ್ಲ. ಗೆಳೆಯ ನಾಗರಾಜ ಧೈರ್ಯ ಹೇಳಲು ಬಂದ. "ಗುರು, ಒಂದ್ಸಲ ಬಿದ್ರೆ ಗ್ರಹಚಾರ ಅಂತಾರೆ. ಎರಡನೇ ಸಲ ಬಿದ್ರೆ ದಡ್ಡ ಅಂತಾರೆ ಕಣೋ. ಆಮೇಲೆ ಹೆಣ್ಣೂ ಕೊಡಲ್ಲ," ಎಂದು ಹೇಳಿ, ಅಮ್ಮ ಕೊಟ್ಟ ಚಕ್ಕುಲಿ ತಿಂದು ಹೋದ. ನಾನು ಅಂಗಡಿಯೇ ವಾಸಿ ಎಂದುಕೊಂಡೆ.

ಆ ವಾರವೇ ಬೂದಿಗೆರೆಗೆ ಮದುವೆಯಾಗಿ ಹೋಗಿದ್ದ ಅಕ್ಕ ಬಂದಳು. ಪೆನ್ನು ಕೆಳಗಿಟ್ಟ ಕಥೆ ಕೇಳಿ ಬಿದ್ದೂ ಬಿದ್ದೂ ನಕ್ಕಳು.

"ಲೇ ಮಂಕೇ, ಹೊಸದಾಗಿ ಹೋದಾಗ ನಂಗೂ ಹಿಂಗೇ ಆಗಿತ್ತು! ಮಧ್ಯಾಹ್ನ ಊರು ಗಪ್‌ಚಿಪ್ ಅಂದ್ರೆ ಸಾಕು, ರುಬ್ತಿರೋ ಗುಂಡು ಬಿಟ್ಟು ಜಗಲಿಗೆ ಬಂದು ಕೂತ್ಬಿಡ್ತಿದ್ದೆ. ನಮ್ಮತ್ತೆ ಸೋಮಾರಿ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಇದು ದಡ್ಡತನ ಅಲ್ಲ ಕಣೋ, ಅಭ್ಯಾಸ. ನಮ್ಮನೇಗೆ ಬಾ, ಬಿಡಿಸ್ತೀನಿ."

ಮತ್ತೆ ಬರೆಯುತ್ತೇನೆಂದು ಅಪ್ಪನಿಗೆ ಅಂದೇ ಹೇಳಿದೆ. ಅಂಗಡಿಗೆ ಬೇರೆಯವರು ಸೇರಿದರು. ನಾನು ಬೂದಿಗೆರೆಯ ಹಿತ್ತಲಲ್ಲಿ ಲೆಕ್ಕ ಬಿಡಿಸುತ್ತಾ ಕುಳಿತೆ. ಪೆನ್ನು ಕೆಳಗಿಟ್ಟಾಗಲೆಲ್ಲ ಅಕ್ಕ ಒಳಗಿನಿಂದಲೇ "ಕರೆಂಟು ಹೋಗಿಲ್ಲ!" ಎಂದು ಕೂಗುತ್ತಿದ್ದಳು. ಅವಳ ಅತ್ತೆಗೆ ಅಕ್ಕತಮ್ಮ ಇಬ್ಬರ ಮೇಲೂ ಅನುಮಾನ ಬಂತು.

ಎರಡನೇ ಸಲ ಲಿಖಿತ ಪರೀಕ್ಷೆ ದಾಟಿದೆ. ಉಳಿದದ್ದು ಗುಂಪು ಚರ್ಚೆ. ಸಣ್ಣ ಕೈಗಾರಿಕೆಗಳ ಬಗ್ಗೆ ಮಾತಾಡಿ ಎಂದರು. ಬೆಂಗಳೂರಿನ ಹುಡುಗ ಹುಡುಗಿಯರು ಎಲ್ಲರೂ ಒಟ್ಟಿಗೇ ಇಂಗ್ಲಿಷಿನಲ್ಲಿ ಶುರು ಮಾಡಿದರು. ಯಾರ ಮಾತೂ ಯಾರಿಗೂ ಕೇಳಿಸದು; ಪರೀಕ್ಷಕರೇ ಹಣೆ ಹಿಡಿದುಕೊಂಡರು. ನನಗೋ ಮನೆಯಲ್ಲಿದ್ದಷ್ಟು ಹಾಯೆನಿಸಿತು. ಎಲ್ಲರ ತುಟಿಯೂ ಕಾಣುತ್ತಿತ್ತು. ಮಗ್ಗದ ಸದ್ದನ್ನೂ ಮೀರಿ ಕೂಗುವ ಗಂಟಲಲ್ಲಿ, ಇವರು ಹೀಗೆಂದರು, ಅವರು ಹಾಗೆಂದರು, ಇಬ್ಬರದ್ದೂ ಇಂಥ ಕಡೆ ಕೂಡುತ್ತದೆ ಎಂದು ನನ್ನ ಸಾದಾ ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದೆ. ಎಲ್ಲರೂ ಬೆಚ್ಚಿ ಸುಮ್ಮನಾದರು.

ಕೊಠಡಿ ಸುಮ್ಮನಾದ ಕೂಡಲೇ ನನ್ನ ತಲೆಯೂ ನಿಂತಿತು. ಹೇಳಬೇಕೆಂದಿದ್ದ ಉಳಿದದ್ದೆಲ್ಲ ಮರೆತು, ಕೈಕಟ್ಟಿ ಕುಳಿತೆ. ಎಲ್ಲ ಮುಗಿಯಿತು ಎಂದುಕೊಂಡೆ. ಹಿರಿಯ ಪರೀಕ್ಷಕರು ಕನ್ನಡಕ ತೆಗೆದು ಹೇಳಿದರು: "ಎಲ್ಲರ ಮಾತು ಕೇಳಿ, ಹೇಳಬೇಕಾದಷ್ಟನ್ನೇ ಹೇಳಿ ನಿಲ್ಲಿಸಿದಿರಿ. ನಾಯಕತ್ವ ಅಂದರೆ ಇದು."

ಸೀಟು ಸಿಕ್ಕಿತು. ಬೀದಿಗೆಲ್ಲ ಮೈಸೂರುಪಾಕು ಹಂಚಿದ ಅಪ್ಪ, ನಾಗರಾಜನಿಗೆ ಎರಡು ಕೊಟ್ಟರು. ನಾನು ಮಾತ್ರ ಪರೀಕ್ಷಕರ ಮಾತನ್ನು ತಿದ್ದುವ ಗೋಜಿಗೆ ಹೋಗದೆ, ಅದನ್ನೇ ಹೊತ್ತುಕೊಂಡು ಬೂದಿಗೆರೆಗೆ ಹೋಗಿ, ನನ್ನಲ್ಲಿ ನಾಯಕತ್ವದ ಗುಣವಿದೆಯಂತೆ ಎಂದು ಅಕ್ಕನಿಗೆ ವಿವರವಾಗಿ ಹೇಳಿದೆ.

"ಹೌದಾ? ಬಾಳ ಸಂತೋಷ. ನಾಯಕರೇ, ಬೋರಿಂಗ್ ಹತ್ರ ಹೋಗಿ ಎರಡು ಕೊಡ ನೀರು ತಂದ್ಬಿಡಿ," ಎಂದಳು ಅಕ್ಕ.

ಹೋದೆ. ಸಾಲಿನಲ್ಲಿ ನಿಂತೆ. ನನ್ನ ನಂತರ ಬಂದವರೆಲ್ಲ ನೀರು ಹಿಡಿದುಕೊಂಡು ಹೋದರು.